ನೇಗಿಲು ಮುಟ್ಟದ ದುಂಡು ಕೋಟೆ

ಅಮೆರಿಕದ ಪೋರ್ಟರ್ ರ್ಯಾಂಚ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಐರ್ಲೆಂಡಿನ ಹಳ್ಳಿಯಿಂದ ಬಂದ ಅಜ್ಜಿಯೊಬ್ಬರಿದ್ದರು. ನಿವೃತ್ತ ನರ್ಸ್. 2012ರಲ್ಲಿ ನನ್ನ ಮೊದಲ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಹೆಣ್ಣು. ಮುಂದೇನು ಮಾಡುತ್ತೀರಿ ಎಂದು ಆಸ್ಪತ್ರೆಯವರು ಮೆತ್ತಗೆ ಕೇಳಿದಾಗ ನನ್ನ ಗಂಡ ಧಾರವಾಡಕ್ಕೆ ಫೋನ್ ಮಾಡಿದರು.

"ಕೂಸನ್ನ ಸುಡೂದಿಲ್ಲಂತ. ಮಣ್ಣಿಗೇ ಕೊಡಬೇಕಂತ ಅವ್ವ ಹೇಳ್ಯಾಳ," ಎಂದರು.

ಸ್ಮಶಾನದಲ್ಲಿ ಮಕ್ಕಳಿಗೆಂದೇ ಬಿಟ್ಟ ಜಾಗವಿತ್ತು. ಅವರೊಬ್ಬರೇ ಹೋಗಿ ಮಣ್ಣು ಮಾಡಿ ಬಂದರು. ಬಾಣಂತಿ ಬರಬಾರದೆಂದರು, ನಾನೂ ಹಟ ಹಿಡಿಯಲಿಲ್ಲ. ಆಮೇಲೂ ಹೋಗಲಿಲ್ಲ. ಆ ರಸ್ತೆಯನ್ನೇ ಬಿಟ್ಟು ಸುತ್ತುಬಳಸಿ ಡ್ರೈವ್ ಮಾಡುತ್ತಿದ್ದೆ.

ಮರುವರ್ಷ ಒಂದು ಮಧ್ಯಾಹ್ನ ಅಜ್ಜಿ ಬಂದು, "ನಮ್ಮೂರನ್ನು ಕಂಪ್ಯೂಟರಿನಲ್ಲಿ ಮೇಲಿನಿಂದ ನೋಡಬಹುದಂತೆ, ಹೌದಾ?" ಎಂದು ಕೇಳಿದರು. ಸ್ಯಾಟಲೈಟ್ ಮ್ಯಾಪ್ ತೆರೆದೆ. ಅವರು ಹೇಳಿದ ದಾರಿ ಹಿಡಿದು ಚರ್ಚು ದಾಟಿದ ಮೇಲೆ ಹುಲ್ಲುಗಾವಲಿನ ನಡುವೆ ದುಂಡನೆ ಏರಿಯೊಂದು ಕಾಣಿಸಿತು. ಮೇಲೆಲ್ಲ ಮುಳ್ಳುಗಿಡ.

"ಇದೆ. ಯಾರೂ ಕೆಡವಿಲ್ಲ," ಎಂದು ಕುರ್ಚಿಗೆ ಒರಗಿದರು. "ಇದು ಅಪ್ಪನ ಹೊಲದ ಕೋಟೆ."

"ನಮ್ಮ ಕಡೆ ಊರ ಕಾವಲಿಗೆ ಹುಡೇವು ಅಂತ ಎತ್ತರದ ದುಂಡನೆ ಬುರುಜುಗಳಿರುತ್ತವೆ. ಅಂಥದ್ದಾ?"

"ಅಷ್ಟು ಎತ್ತರವಿಲ್ಲ. ಎದೆಮಟ್ಟದ ಮಣ್ಣಿನ ಏರಿ, ಹೊರಗೊಂದು ಕಂದಕ."

ಸಾವಿರ ವರ್ಷಕ್ಕೂ ಹಿಂದೆ ಗೇಲಿಕ್ ಮಾತಾಡುವ ಒಕ್ಕಲು ಮನೆತನವೊಂದು ಅದರೊಳಗೆ ಗುಡಿಸಲು ಕಟ್ಟಿಕೊಂಡು, ತೋಳಗಳ, ದನಗಳ್ಳರ ಭಯಕ್ಕೆ ಹಸುಗಳನ್ನು ಒಳಗೆ ಕೂಡಿಹಾಕುತ್ತಿತ್ತಂತೆ. ಅವರು ಬಿಟ್ಟುಹೋದ ಮೇಲೆ ಅಲ್ಲಿ ಕಿನ್ನರರು ಸೇರಿಕೊಂಡರೆಂದು ಊರವರ ನಂಬಿಕೆ. ಅದರ ಮೇಲೆ ಯಾರೂ ನೇಗಿಲು ಹೂಡುತ್ತಿರಲಿಲ್ಲ, ಒಂದು ರೆಂಬೆಯನ್ನೂ ಕಡಿಯುತ್ತಿರಲಿಲ್ಲ.

ಇಷ್ಟು ಹೇಳಿ ಅಜ್ಜಿ ಪರದೆಯತ್ತ ಬಾಗಿದರು. ಆಮೇಲೆ ಆ ದುಂಡಿನ ಮೇಲೆ ಬೆರಳಿಟ್ಟರು.

"ನನ್ನ ತಮ್ಮ ಇಲ್ಲಿದ್ದಾನೆ. ಹುಟ್ಟಿದೊಡನೆ ಹೋದ. ದೀಕ್ಷಾಸ್ನಾನ ಆಗದ ಮಕ್ಕಳಿಗೆ ಚರ್ಚಿನ ಸ್ಮಶಾನದಲ್ಲಿ ಜಾಗ ಕೊಡುತ್ತಿರಲಿಲ್ಲ. ಅಪ್ಪ ಮುಸ್ಸಂಜೆಯಲ್ಲಿ ಒಬ್ಬನೇ ಎತ್ತಿಕೊಂಡು ಹೋದ. ಊರಿನ ಅಂಥ ಮಕ್ಕಳೆಲ್ಲ ಅಲ್ಲೇ."

"ನಿಮ್ಮಮ್ಮ?"

"ಎಲ್ಲಿ ಅಂತ ಅಪ್ಪ ತೋರಿಸಲಿಲ್ಲ, ಅಮ್ಮ ಕೇಳಲೂ ಇಲ್ಲ. ಹಾಲು ಕರೆಯಲು ಹೋದವಳು ಹೊಲದ ಗೇಟಿನ ಹತ್ತಿರ ನಿಂತುಬಿಡುತ್ತಿದ್ದಳು. ಸಾಯುವವರೆಗೂ ಕೋಟೆಯೊಳಗೆ ಕಾಲಿಡಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಅಜ್ಜಿ ನನ್ನ ಕೈ ಹಿಡಿದುಕೊಂಡು ಕೂತರು.

ಸಂಜೆ ಗಂಡ ಬಂದೊಡನೆ ಕೇಳಿದೆ: "ಕೂಸನ್ನ ಎಲ್ಲಿ ಇಟ್ಟು ಬಂದ್ರಿ? ನನಗ ತೋರಸ್ರಿ."

ಶೂ ಬಿಚ್ಚುತ್ತಿದ್ದವರು ಹಾಗೇ ನಿಂತರು. "ನೀ ಕೇಳ್ತಿ ಅಂತ ವರ್ಷದಿಂದ ಕಾಯಾಕತ್ತೇನಿ," ಎಂದರು. ಆಫೀಸಿನಿಂದ ಬರುತ್ತ ಅವರು ಆಗಾಗ ಅಲ್ಲಿಗೆ ಹೋಗುತ್ತಿದ್ದರೆಂದು ಆಗ ತಿಳಿಯಿತು.

ಶನಿವಾರ ಅಜ್ಜಿಯೂ ಸೇರಿ ಮೂವರೂ ಹೋದೆವು. ಹುಲ್ಲಿನಲ್ಲಿ ಹುದುಗಿದ್ದ ಒಂದು ಪುಟ್ಟ ಚಪ್ಪಟೆ ಕಲ್ಲು. ಮಂಡಿನೋವಿದ್ದರೂ ಅಜ್ಜಿ ನನ್ನ ಪಕ್ಕದಲ್ಲೇ ನೆಲಕ್ಕೆ ಕೂತರು. ದುಪಟ್ಟಾದಿಂದ ಧೂಳು ಒರೆಸಿ, ಮಗಳಿಗೆ ಇಡಬೇಕೆಂದಿದ್ದ ಹೆಸರನ್ನು ಮೊದಲ ಸಲ ಬಾಯಿಬಿಟ್ಟು ಕರೆದೆ.