ಮೂರನೇ ಯಂತ್ರದ ಕೂಲಿ

ಇಸ್ತ್ರಿ ಅಂಗಡಿಯ ಅಕ್ಕನನ್ನು ನಾನು ಮೊದಲು ಕಂಡದ್ದು ಒಂದು ಬೆಳಿಗ್ಗೆ. ಅಂಗಡಿಯ ಮೇಲಿನ ಕೋಣೆಗೆ ಆಗಷ್ಟೇ ಬಾಡಿಗೆಗೆ ಬಂದಿದ್ದೆ. ಹಿಂದಿನ ಸಂಜೆ ಅಂಗಡಿಯಲ್ಲಿ ಯಾರೂ ಕಾಣದೆ, ಅಲ್ಲಿನ ಬುಟ್ಟಿಗೆ ಒಂದು ಅಂಗಿ ಹಾಕಿ ಹೋಗಿದ್ದೆ. ಅದನ್ನು ಕೇಳಲು ಇಳಿದು ಬಂದಾಗ ಅವರು ಬೀಗ ತೆಗೆಯುತ್ತಿದ್ದರು. ಒಳಗೆ ಕಿಟಕಿ ಮುಚ್ಚಿತ್ತು, ಇಸ್ತ್ರಿಪೆಟ್ಟಿಗೆಯ ವೈರು ಸುತ್ತಿಟ್ಟ ಹಾಗೇ ಇತ್ತು. ನನ್ನ ಅಂಗಿ ಮಾತ್ರ ಇಸ್ತ್ರಿಯಾಗಿ, ಮಡಿಸಿಟ್ಟ ಹಾಗೆ ಮೇಜಿನ ಮೇಲಿತ್ತು. ಕೈಗೆತ್ತಿಕೊಂಡರೆ ಬಿಸಿ.

“ಆಗಲೇ ಮಾಡಿಬಿಟ್ಟಿದ್ದೀರಲ್ಲ ಅಕ್ಕಾ!”

ಅವರು ಅಂಗಿಯ ಕಾಲರನ್ನು ಸವರಿದರು. ಅದರ ಮೇಲೆ ಎರಡು ಗೆರೆ ಬಿದ್ದಿದ್ದವು. “ನಾನಿನ್ನೂ ಮುಟ್ಟೇ ಇಲ್ಲಪ್ಪ. ಕಾಲರಿಗೆ ಹೀಗೆ ಎರಡು ಮಡಿಕೆ ಹಾಕ್ತಿದ್ದೋನು ನನ್ನ ತಮ್ಮ. ಅವನು ತೀರ್ಕೊಂಡು ವರ್ಷ ಆಯ್ತು.”

ನಗಬೇಕೋ ಹೆದರಬೇಕೋ ತಿಳಿಯದೆ ನಿಂತೆ.

“ಡಿಗ್ರಿ ಓದಿದೋನಂತೆ ನೀನು. ಸುಮ್ನೆ ಕಂಬದ ಥರ ನಿಲ್ಬೇಡ, ಒಂದು ಲೆಕ್ಕ ನೋಡು ಬಾ.”

ಅವರು ಚಾಚಿದ್ದು ತಮ್ಮನ ಹಳೆಯ ಮೊಬೈಲು. ಅದರಲ್ಲೊಂದು ವ್ಯಾಪಾರದ ಆಟ: ಕಾರ್ಖಾನೆ ಕಟ್ಟಬೇಕು, ಮಾಲು ತಯಾರಿಸಿ ಮಾರಬೇಕು, ನಷ್ಟವಾಗುತ್ತಲೇ ಹೋದರೆ ಆಟವೇ ಕಾರ್ಖಾನೆಯನ್ನು ಹರಾಜು ಹಾಕುತ್ತದೆ. ತಮ್ಮ ಕಟ್ಟಿದ್ದು ಸಾಬೂನಿನ ಕಾರ್ಖಾನೆ.

“ಅವನದು ಅಂತ ಉಳಿದಿರೋದು ಇದೊಂದೇ. ಇದು ಹರಾಜಾಗಬಾರದು. ಇದೇ ಬೆಲೆಗೆ ಮಾರಿ ಬೇರೆ ಕಾರ್ಖಾನೆಯೋರೆಲ್ಲ ಮುಳುಗ್ತಿದ್ದಾರೆ, ನಮಗೆ ಮಾತ್ರ ಲಾಭ. ಯಾಕೆ ಅಂತ ಗೊತ್ತಾಗದೆ ಭಯ ಆಗುತ್ತೆ.”

ಒಂದು ಸಾಬೂನಿಗೆ ತಗಲುವ ಎಣ್ಣೆ, ಸೋಡಾ, ಕರೆಂಟು, ಸಾಗಣೆ, ಕೂಲಿ ಎಲ್ಲ ಕೂಡಿಸಿ ಮಾರುವ ಬೆಲೆಯಿಂದ ಕಳೆದೆ. ಲಾಭ ನಿಜವೇ ಇತ್ತು. ಮತ್ತೊಮ್ಮೆ ನೋಡಿದಾಗ ಕಂಡಿತು: ಯಂತ್ರ ಮೂರು, ಕೂಲಿ ಎರಡಕ್ಕೇ. ಮೂರನೆಯದರ ಮುಂದೆ ‘ಮಾಲೀಕ’ ಎಂದಿತ್ತು, ಕೂಲಿಯ ಜಾಗ ಖಾಲಿ. ಮೊದಲ ಸಲ ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ನಮ್ಮ ಮನೆಯ ಬೇಸಾಯದ ಲೆಕ್ಕದಲ್ಲೂ ಬೀಜ, ಗೊಬ್ಬರ, ಆಳಿನ ಕೂಲಿ ಖರ್ಚಿಗೆ ಬರುತ್ತಿತ್ತು. ಅಮ್ಮ ದಿನವಿಡೀ ಬೆನ್ನು ಬಗ್ಗಿಸಿದ್ದು ಯಾವತ್ತೂ ಬರಲಿಲ್ಲ.

“ಇಲ್ಲಿ ನಿಂತಿರೋದು ಯಾರಕ್ಕಾ? ಇವನಿಗೆ ಕೂಲಿನೇ ಹಿಡಿದಿಲ್ಲ, ಲಾಭ ಬರ್ತಿರೋದು ಅದರಿಂದ.”

ನೀಲಿ ಟೋಪಿಯ ಪುಟ್ಟ ಮನುಷ್ಯ. ಉಳಿದವರು ಊಟಕ್ಕೆ ಹೊರಟರೂ ಅವನು ಕದಲಿರಲಿಲ್ಲ.

“ಅವನೇ. ಆಟದಲ್ಲೂ ತನ್ನನ್ನೇ ದುಡಿಯೋಕೆ ಹಾಕ್ಕೊಂಡಿದ್ದಾನೆ.” ಅಕ್ಕನ ದನಿ ಇಳಿಯಿತು. “ಇಲ್ಲೂ ಹಂಗೇ. ಸುಸ್ತು ಕಣೇ ಅಕ್ಕಾ ಅಂದ್ರೆ, ಮನೆಯೋನಿಗೆ ಎಂಥ ರಜಾನೋ ಅಂತ ತಮಾಷೆ ಮಾಡ್ತಿದ್ದೆ. ಒಂದಿನ ಈ ಮೇಜಿನ ಮೇಲೇ ತಲೆ ಇಟ್ಟ. ನಿದ್ದೆ ಬಂತೇನೋ ಅಂದ್ಕೊಂಡು, ಬಿಸಿ ಪೆಟ್ಟಿಗೆ ಪಕ್ಕಕ್ಕಿಟ್ಟು ನನ್ನ ಕೆಲಸ ನೋಡ್ಕೊಂಡೆ.”

ಅಕ್ಕ ಪರದೆಯ ಮೇಲಿನ ಆ ಖಾಲಿ ಜಾಗಕ್ಕೆ ಬೆರಳಿಟ್ಟರು.

“ಅವನಿಗೂ ಕೂಲಿ ಹಿಡಿದ್ರೆ?”

“ನಷ್ಟ ಅಕ್ಕಾ. ಕಾರ್ಖಾನೆ ಉಳಿಯಲ್ಲ.”

ಹಿಂದೆ ಬುಟ್ಟಿಯಲ್ಲಿ ಬಟ್ಟೆ ಸರಿದ ಸದ್ದಾಯಿತು. ನಾವಿಬ್ಬರೂ ತಿರುಗಲಿಲ್ಲ.

“ಹಾಕು,” ಎಂದರು ಅಕ್ಕ. “ಪೂರ್ತಿ ಕೂಲಿ ಹಾಕು. ರಜಾನೂ ಹಾಕು.”

ಹಾಕಿದೆ. ಪುಟ್ಟ ಮನುಷ್ಯನ ಕೈ ನಿಂತಿತು. ಅವನು ಟೋಪಿ ತೆಗೆದ. ಉಳಿದವರು ಹೋಗುವ ಬಾಗಿಲಿನತ್ತ ಹೋಗದೆ ನೇರ ನಮ್ಮ ಕಡೆಗೇ ನಡೆದು ಬಂದ. ಹತ್ತಿರವಾದಷ್ಟೂ ದೊಡ್ಡದಾಗಿ, ಮುಖ ಕಾಣುವ ಮೊದಲೇ ಪರದೆಯಿಂದ ಮಾಯವಾದ. ಮೇಜಿನ ಪಕ್ಕದ ಸ್ಟೂಲು ಯಾರೋ ಕೂತ ಹಾಗೆ ಕಿರ್ರೆಂದಿತು.

“ಕೂತ್ಕೋ ಕಣೋ,” ಎಂದರು ಅಕ್ಕ ಮೆಲ್ಲಗೆ, ನನ್ನ ಕಡೆ ನೋಡದೆ. “ಕೂತ್ಕೋ.”

ಆ ವಾರವೇ ಕಾರ್ಖಾನೆ ಹರಾಜಾಯಿತು. ಬುಟ್ಟಿಗೆ ಹಾಕಿದ ಬಟ್ಟೆ ಅಂದಿನಿಂದ ಬೆಳಿಗ್ಗೆಯೂ ಮುದುಡಿಕೊಂಡೇ ಇರುತ್ತದೆ.

ಅಕ್ಕ ಈಗ ಒಬ್ಬರೇ ಇಸ್ತ್ರಿ ಮಾಡುತ್ತಾರೆ. ಮೊದಲಿನಷ್ಟು ಬಟ್ಟೆ ಒಪ್ಪಿಕೊಳ್ಳುವುದಿಲ್ಲ. ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ ಮಲಗುತ್ತಾರೆ. ಆ ಸ್ಟೂಲಿನ ಮೇಲೆ ಯಾರನ್ನೂ ಕೂರಿಸುವುದಿಲ್ಲ.