ಮೂರನೆಯದಕ್ಕೆ ಜಾಗ

ಅವರ ಎಡಗಿವಿಯ ಹಿಂದೆ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಮಿಂದು, ಬಿಳಿ ಅಂಗಿ ತೊಟ್ಟು ಮದುವೆಗೆ ಹೊರಟಾಗಲೂ ಅದು ಹೋಗುತ್ತಿರಲಿಲ್ಲ. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುವುದು ಅವರ ಕ್ರಮ. ಆ ಹಿಡಿಗೆ ಮೆತ್ತಿದ ಎಣ್ಣೆ ಅವರ ಕಿವಿಗೂ ಮೆತ್ತಿಕೊಂಡು, ವರ್ಷಾನುವರ್ಷದಲ್ಲಿ ಚರ್ಮದ ಬಣ್ಣವೇ ಆಗಿಬಿಟ್ಟಿತ್ತು. ಸ್ವಲ್ಪ ಹೊತ್ತು ಕೇಳಿ, "ಎರಡನೇದಕ್ಕೆ ದಮ್ಮಿಲ್ಲ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಎರಡನೆಯ ಸಿಲಿಂಡರೇ ಕೆಟ್ಟಿರುತ್ತಿತ್ತು.

ನಮ್ಮೂರು ಬಾಡ. ಅಲ್ಲಿ ನಮ್ಮ ಪಕ್ಕದ ಮನೆ ಅವರದು. ಕುಮಟಾದಿಂದ ಭಟ್ಕಳದ ಬಂದರದವರೆಗೆ ಅವರ ಕೈ ತಾಗದ ದೋಣಿ ಇಂಜಿನ್ ಕಡಿಮೆ. ನನ್ನ ಅಪ್ಪ ಮೀನುದೋಣಿ ನಡೆಸುವ ತಾಂಡೇಲನಾಗಿದ್ದ. ಅಪ್ಪನಿಗೂ ಅವರಿಗೂ ರಕ್ತಸಂಬಂಧವೇನೂ ಇರಲಿಲ್ಲ. ಒಂದೇ ದೋಣಿಯ ಇಂಜಿನ್ನನ್ನು ಒಬ್ಬ ಓಡಿಸಿ ಕೆಡಿಸುತ್ತಿದ್ದ, ಇನ್ನೊಬ್ಬರು ಬೈಯುತ್ತ ಸರಿಮಾಡುತ್ತಿದ್ದರು, ಅಷ್ಟೇ ಸಂಬಂಧ. ನನಗೆ ಅವರು ಮೇಸ್ತ್ರಿ ಮಾವ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಪಂಪು, ಮಿಕ್ಸಿ, ನನ್ನ ಸ್ಕೂಟರ್ ಎಲ್ಲದರ ಪೋಷಕರೂ ಅವರೇ ಆದರು.

ಏನು ಕೊಳ್ಳುವುದಿದ್ದರೂ ಅವರ ಒಂದೇ ಕಟ್ಟಳೆ: "ನಂಗೆ ಬಿಚ್ಚೂಕೆ ಬರದ ಮಿಷನ್ನು ಮನೆಗೆ ತರೂಕಾಗ." ಮಿಕ್ಸಿ ಕೊಳ್ಳಲು ಹೋದಾಗ ಅಂಗಡಿಯ ಮೇಜಿನ ಮೇಲೇ ಅದರ ತಳ ಬಿಚ್ಚಿಟ್ಟಿದ್ದರು. ಅಂಗಡಿಯವ, "ಮೇಸ್ತ್ರಿ, ಇನ್ನೂ ಬಿಲ್ಲು ಮಾಡ್ಲಿಲ್ಲ" ಎಂದು ಗೋಗರೆದರೆ, "ಬಿಲ್ಲು ಮಾಡಿದ್ಮೇಲೆ ನೋಡಿ ಎಂತ ಮಾಡೂದು? ಮದ್ವೆ ಆದ್ಮೇಲೆ ಜಾತಕ ನೋಡ್ತ್ರಾ?" ಎಂದು ಸ್ಕ್ರೂಗಳನ್ನು ಅವನ ಅಂಗೈಗೇ ಎಣಿಸಿದ್ದರು.

ಇನ್ನು ನಾಯಿಗಳ ಮಾತಿಗೆ ಬರುತ್ತೇನೆ, ಏಕೆಂದರೆ ಮಾವನ ಕಟ್ಟಳೆ ಮುರಿದದ್ದು ನಾಯಿಗಳಿಂದ. ನನ್ನ ಮನೆಯಲ್ಲಿ ಎರಡು. ಸೋಮ ಮುಧೋಳ ತಳಿಯವನು, ನಿಂತರೆ ಊಟದ ಮೇಜಿಗೆ ಗದ್ದ ಇಡುತ್ತಾನೆ. ಗೌರಿ ಲ್ಯಾಬ್ರಡಾರ್, ಎತ್ತರದಲ್ಲಿ ಸೋತದ್ದನ್ನು ಅಗಲದಲ್ಲಿ ಗೆದ್ದವಳು. ಮಾವನದು ಪಿಸ್ಟನ್. ದೋಣಿ ನಿಲ್ಲುವ ಧಕ್ಕೆಯ ಮೇಲೆ ಖಾಲಿ ಐಸ್ ಪೆಟ್ಟಿಗೆಯಲ್ಲಿ ಸಿಕ್ಕ ಮರಿ ಅದು. ಬೆಳೆದು ಕರುವಿನ ಗಾತ್ರವಾಗಿತ್ತು. ಹೆಂಡತಿ ಹೋದ ಮೇಲೆ ಮಾವನ ಮನೆಯಲ್ಲಿ ಉಸಿರಾಡುತ್ತಿದ್ದವರು ಅವರಿಬ್ಬರೇ. ಮಗಳು ಮುಟ್ಟಳ್ಳಿಯಲ್ಲಿದ್ದಾಳೆ. ಆಕೆಯ ಪುಟ್ಟ ಮಗಳಿಗೆ ಉಬ್ಬಸ. ನಾಯಿಯ ಕೂದಲು ಸೋಕಿದರೂ ಎದೆ ಗೊರಗೊರ ಅನ್ನುತ್ತದೆ.

ಒಂದು ಮಳೆಗಾಲದ ಮಧ್ಯಾಹ್ನ ಗೌರಿಯ ಹೊಟ್ಟೆ ಡೋಲಿನ ಹಾಗೆ ಉಬ್ಬಿತು. ನಾನು ಭಟ್ಕಳದ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ, ಕಾರೂ ನನ್ನ ಜೊತೆಗೇ ಇತ್ತು. ಅಮ್ಮ ಮೂರು ಟ್ಯಾಕ್ಸಿಯವರಿಗೆ ಫೋನು ಮಾಡಿದಳು. ಮೂವರದ್ದೂ ಒಂದೇ ಉತ್ತರ: "ಸೀಟೆಲ್ಲ ವಾಸನೆ ಬತ್ತದೆ ಅಮ್ಮ." ಮಾವ ಧಕ್ಕೆಗೆ ಹೊರಟಿದ್ದ ಮೀನಿನ ಟೆಂಪೋವನ್ನು ರಸ್ತೆಯ ನಡುವೆ ನಿಂತು ತಡೆದು, ಕ್ರೇಟುಗಳನ್ನೆಲ್ಲ ನಮ್ಮ ಅಂಗಳಕ್ಕೆ ಇಳಿಸಿ, ಗೌರಿಯನ್ನು ಎತ್ತಿ ಮಲಗಿಸಿ ಕುಮಟಾಕ್ಕೆ ಒಯ್ದರು. ನಾನು ತಲುಪುವ ಹೊತ್ತಿಗೆ ಅವಳ ಜೀವ ಉಳಿದಿತ್ತು. ಪಶುವೈದ್ಯರು ನನ್ನ ಪುಟ್ಟ ಕಾರನ್ನು ಕಿಟಕಿಯಿಂದ ನೋಡಿ, "ಇಷ್ಟು ದೊಡ್ಡ ನಾಯಿ ಸಾಕುವವರು ಅದಕ್ಕೆ ತಕ್ಕ ಗಾಡಿಯನ್ನೂ ಸಾಕಬೇಕು" ಎಂದರು. ಅವಳನ್ನು ಇನ್ನು ತಿಂಗಳಿಗೊಮ್ಮೆ ಘಟ್ಟ ಹತ್ತಿಸಿ ಶಿರಸಿಗೆ ತೋರಿಸಬೇಕಿತ್ತು.

ಹಾಗೆ ಕಾರಿನ ಮಾತು ಶುರುವಾಯಿತು. ನಮ್ಮ ಜಗಲಿಯ ಮೇಲೆ ಕೂತು ಮಾವ ಚಾ ಕುಡಿಯುತ್ತ ಹೇಳಿದರು: "ಪೂರಾ ಕರೆಂಟಿನ ಕಾರು ಬ್ಯಾಡ. ಮಳೆಗಾಲದಾಗೆ ನಮ್ಮೂರ ಕರೆಂಟು ನಿನ್ನ ಶಾಲೆ ಮಕ್ಕಳ ಹಾಂಗೆ, ಬಂದ್ರೆ ಬಂತು. ಬರೀ ಪೆಟ್ರೋಲಿಂದಾದ್ರೆ ದಿನಾ ಭಟ್ಕಳಕ್ಕೆ ಹೋಗಿ ಬರೂದ್ರಾಗೆ ಸೋತು ಹೋತೆ. ಎರಡೂ ಇರೂದು ನೋಡು. ಆ ಹೈಬ್ರಿಡ್ಡು. ಓಡ್ತಾ ಓಡ್ತಾ ತನ್ನ ಬ್ಯಾಟ್ರಿ ತಾನೇ ತುಂಬ್ಕೊಳ್ತದೆ. ನಿಂತಲ್ಲೇ ಎಸಿ ಹಾಕಿಟ್ರೂ ಇಂಜಿನ್ನು ಆಗಾಗ ಮಾತ್ರ ಏಳೂದು. ನಾಯಿಗೆ ಸೆಕೆ ಆಗೂಕಾಗ."

"ಮಾವ, ಅದನ್ನ ಬಿಚ್ಚೂಕೆ ನಿಮಗೆ ಬರ್ತದಾ?" ಎಂದು ಕೇಳಿದೆ.

"ಇಲ್ಲ" ಎಂದರು. ಆ ಶಬ್ದವನ್ನು ಅವರ ಬಾಯಲ್ಲಿ, ಯಂತ್ರದ ವಿಷಯದಲ್ಲಿ, ನಾನು ಅದೇ ಮೊದಲು ಕೇಳಿದ್ದು.

"ಹಾಂಗಾದ್ರೆ?"

"ನಾ ಇನ್ನೆಷ್ಟು ದಿನ ಬಿಚ್ಚತೆ ತಂಗಿ? ಮಂಗಳೂರಲ್ಲಿ ಎದೆ ಪಟ ತೆಗ್ಸಿದೆ. ಡೀಸೆಲ್ ಹೊಗೆ ಕುಡ್ದು ಕುಡ್ದು ಒಳಗೆಲ್ಲ ಮಸಿ ಹಿಡಿದದೆಯಂತೆ. ರಿಪೇರಿ ಇಲ್ಲ ಅಂದ್ರು." ಲೋಟವನ್ನು ಕೆಳಗಿಟ್ಟರು. "ಕಾರು ನೋಡುವಾಗ ಎರಡು ನಾಯಿಗೆ ನೋಡ್ಬೇಡ. ಮೂರಕ್ಕೆ ನೋಡು. ನಾ ಹೋದ್ಮೇಲೆ ಅದಕ್ಕೆ ಯಾರೂ ಇಲ್ಲ."

ಪಿಸ್ಟನ್ ಅವರ ಕಾಲ ಬಳಿ ಮಲಗಿತ್ತು. ನಮ್ಮ ಸೋಮನಿಗೂ ಅದಕ್ಕೂ ಹುಟ್ಟಾ ಆಗದು. ಬೇಲಿಯ ಎರಡು ಬದಿಯಲ್ಲಿ ನಿಂತು ದಿನಾ ಬೈದಾಡುವ ಜೋಡಿ ಅದು. ಒಮ್ಮೆ ಬೇಲಿ ಹಾರಿದಾಗ ಸೋಮನ ಕಿವಿಗೆ ಹೊಲಿಗೆ ಬಿದ್ದಿತ್ತು. ಅದಲ್ಲದೆ ಶಾಲೆ, ಮಂಡಿನೋವಿನ ಅಮ್ಮ, ಇದ್ದ ಎರಡು ನಾಯಿ. ನಾನು, "ನೋಡ್ವ ಮಾವ" ಎಂದೆ. ನಮ್ಮ ಕಡೆ ನೋಡ್ವ ಎಂದರೆ ಅರ್ಧ ಪಾಲು ಆಗುವುದಿಲ್ಲ ಎಂದೇ. ಅದು ಅವರಿಗೂ ಗೊತ್ತಿತ್ತು. ಆದರೂ ಅವರು ಮತ್ತೆ ಕೇಳಲಿಲ್ಲ. "ಆತು, ಆಯ್ತವಾರ ಹೊನ್ನಾವರಕ್ಕೆ ಹೋಗುವ" ಎಂದು ಎದ್ದರು.

ಹೆದ್ದಾರಿಯ ಪಕ್ಕದ ಷೋರೂಮಿಗೆ ನಾವು ಹೋದದ್ದು ಹೀಗೆ: ನನ್ನ ಪುಟ್ಟ ಕಾರಿನಲ್ಲಿ ನಾನು, ಅಮ್ಮ, ಸೋಮ, ಹಿಂದೆ ಟೆಂಪೋದಲ್ಲಿ ಮಾವ ಮತ್ತು ಆರು ಮೀನಿನ ಕ್ರೇಟು. ಜಾಗ ಅಳೆಯಲು ಅವರ ಮಾಪು ಕ್ರೇಟು. ಗೌರಿ ಮಲಗಿದರೆ ಎರಡು ಕ್ರೇಟು, ಸೋಮ ಒಂದೂವರೆ, ಪಿಸ್ಟನ್ ಎರಡೂವರೆ ಎಂದು ಮೊದಲೇ ಲೆಕ್ಕ ಹಾಕಿಟ್ಟಿದ್ದರು.

ಇಸ್ತ್ರಿ ಅಂಗಿಯ ಹುಡುಗನೊಬ್ಬ ಬಂದು ಡಿಕ್ಕಿಯ ಜಾಗ ಇಷ್ಟು ಲೀಟರ್ ಎಂದು ಓದಿದ.

"ನಾಯಿ ಎಂತ ನೀರನಾ ಮಾರಾಯಾ, ಲೀಟರಲ್ಲಿ ಹೊಯ್ಯೂಕೆ?" ಎಂದರು ಮಾವ. ಆ ಹುಡುಗ ನಗುತ್ತಿರುವಾಗಲೇ, ಗಾಜಿನಂತೆ ಹೊಳೆಯುವ ಹೊಸ ಕಾರಿನ ಹಿಂದೆ ಎರಡು ಕ್ರೇಟು ಇಟ್ಟೂ ಆಗಿತ್ತು. "ತೊಳ್ದೇ ತಂದದ್ದು" ಎಂದರು. ತೊಳೆದದ್ದು ಹೌದು. ಆದರೆ ಹತ್ತು ವರ್ಷ ಬಂಗಡೆ ಹೊತ್ತ ಕ್ರೇಟಿನ ವಾಸನೆ ಯಾವ ಸಾಬೂನಿಗೂ ಬಗ್ಗದು. ನಮ್ಮ ಮೂಗಿಗೆ ಅದು ವಾಸನೆ ಎಂದೇ ತೋರುವುದಿಲ್ಲವಲ್ಲ. ಮುಚ್ಚಿದ ಎಸಿ ಕೋಣೆಯಲ್ಲಿ ಐದು ನಿಮಿಷದಲ್ಲಿ ಮೀನುಪೇಟೆ ನೆರೆಯಿತು. ಬೇರೆ ಗಿರಾಕಿಗಳು ಕರವಸ್ತ್ರ ತೆಗೆದರು. ಸೋಮ ಹಗ್ಗ ಬಿಡಿಸಿಕೊಂಡು ಒಂದೇ ನೆಗೆತಕ್ಕೆ ಡಿಕ್ಕಿಗೆ ಹಾರಿ, ನೆಲಹಾಸನ್ನು ಭಕ್ತಿಯಿಂದ ನೆಕ್ಕತೊಡಗಿದ. ಒಳಗಿನಿಂದ ಮ್ಯಾನೇಜರು ಓಡಿ ಬಂದರು.

"ಎಂತ ಸರ್ ಇದು?"

"ನಿಮ್ಮ ಗಾಡಿ ನಮ್ಮ ನಾಯಿಗೆ ಬಾಳ ಇಷ್ಟ ಆತು" ಎಂದರು ಮಾವ.

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. "ಮನುಷ್ಯರು ಕೂಕಂಡು ನೋಡೂ ಮೊದ್ಲೇ ನಾಯಿ ನೆಕ್ಕಿ ನೋಡ್ತು. ಎಂತ ಯೋಗ ಅಣ್ಣ ನಮ್ಮದು!"

ನಗೆಯೆಲ್ಲ ಮುಗಿದ ಮೇಲೆ ಮಾವ ನಿಜವಾದ ಕೆಲಸಕ್ಕೆ ಇಳಿದರು. ಸೋಮ ನೆಕ್ಕಿದ ಆ ಕಾರಿನ ಹಿಂದಿನ ಸೀಟಿನ ಬುಡದಲ್ಲಿ ಒಂದು ಸಣ್ಣ ಜಾಲರಿ ಇತ್ತು. "ಇದೆಂತಕ್ಕೆ?" ಎಂದು ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ. ಪುಸ್ತಕ ತೆಗೆದು ಓದಿ, ಸೀಟಿನಡಿಯ ಬ್ಯಾಟರಿ ತಣಿಯಲು ಗಾಳಿ ಎಳೆದುಕೊಳ್ಳುವ ದಾರಿ ಎಂದ. ಮಾವ ಸೋಮನ ಬೆನ್ನು ಸವರಿ, ಬೆರಳಿಗೆ ಬಂದ ಕೂದಲನ್ನು ಜಾಲರಿಯ ಮುಂದೆ ಹಿಡಿದರು. "ಅಂದ್ರೆ ಇದು ಮೂಗು. ಇದ್ರೊಳಗೆ ಇದು ತುಂಬಿದ್ರೆ?" ಹುಡುಗ ಮತ್ತೆ ಪುಸ್ತಕದ ಹಾಳೆ ತಿರುವತೊಡಗಿದ. ಆ ಜಾಲರಿಯನ್ನು ಕೈಯಿಂದ ಬಿಚ್ಚಲು ಬರುತ್ತಿರಲಿಲ್ಲ. ಮಾವ ಆ ಕಾರಿನ ಬಾಗಿಲು ಮುಚ್ಚಿದರು. ಮುಚ್ಚುವಾಗ ತಮ್ಮ ಎದೆಯ ಮೇಲೆ ಒಮ್ಮೆ ಕೈ ಆಡಿಸಿದ್ದನ್ನು ನಾನು ನೋಡಿದೆ.

ಕೊನೆಗೆ ಒಪ್ಪಿದ್ದು ಪಕ್ಕದಲ್ಲಿದ್ದ ಇನ್ನೊಂದನ್ನು. ಮೂರು ಸಾಲು ಸೀಟಿನದು. ಕಡೆಯ ಸಾಲು ಮಡಚಿದರೆ ಹಿಂದೆ ನಾಲ್ಕು ಕ್ರೇಟು, ನಡುವಿನದನ್ನೂ ಮಡಚಿದರೆ ಆರೂ ಕೂತವು. ಜಾಲರಿ ಬೆರಳಲ್ಲಿ ಎತ್ತಿದರೆ ಬರುತ್ತಿತ್ತು. ನನಗೆ ಅದು ತೀರ ದೊಡ್ಡದೆನಿಸಿತು. "ನಾಯಿ ಮಲಗೂ ಮುಂಚೆ ಮೂರು ಸುತ್ತು ಸುತ್ತದೆ ತಂಗಿ. ಮಲಗೂಕಲ್ಲ, ಆ ಸುತ್ತಿಗೆ ಜಾಗ ಬೇಕು" ಎಂದರು. ಮೂರನೆಯದರ ಹೆಸರನ್ನು ಮಾತ್ರ ಎತ್ತಲಿಲ್ಲ.

ಬುಕ್ ಮಾಡಿದ ಕಾರು ಬರಲು ಆರೇಳು ತಿಂಗಳು ಹಿಡಿಯಿತು. ಅಷ್ಟರೊಳಗೆ ಅವರು ಹಳೆಯ ಬಲೆಯ ತುಂಡನ್ನು ಪೈಪಿನ ಚೌಕಟ್ಟಿಗೆ ಬಿಗಿದು ಒಂದು ಅಡ್ಡತೆರೆ ಮಾಡಿಟ್ಟಿದ್ದರು. ಒಂದೊಂದು ಗಂಟು ಹಾಕಿ ಒಮ್ಮೆ ಕೂತು ಉಸಿರೆಳೆದುಕೊಳ್ಳುತ್ತಿದ್ದರಂತೆ, ಅಮ್ಮ ನೋಡಿದ್ದಳು. ಸೋಮ ಮುಂದೆ, ಪಿಸ್ಟನ್ ಹಿಂದೆ, ನಡುವೆ ಬಲೆ.

ಮೊದಲ ಸವಾರಿಗೆ ಘಟ್ಟದ ಕಡೆಗೆ ಹೋಗುವ ಕತಗಾಲದ ದಾರಿ ಹಿಡಿಯುವುದೆಂದಾಯಿತು. ಸೋಮ, ಗೌರಿ ಹತ್ತಿ ಕೂತರು. ಪಿಸ್ಟನ್ ಮಾತ್ರ ತೆರೆದ ಬಾಗಿಲ ಮುಂದೆ ಕಲ್ಲಿನಂತೆ ನಿಂತಿತು. ಕರೆದರೂ ಇಲ್ಲ, ಬಂಗಡೆ ತೋರಿಸಿದರೂ ಇಲ್ಲ. ಮಾವ ತುಸು ಯೋಚಿಸಿ, "ಚಾಲೂ ಮಾಡಿದ್ಯಾ?" ಎಂದರು.

"ಮಾಡಿ ಆಯ್ತು ಮಾವ."

ಅವರು ಬಾನೆಟ್ಟಿಗೆ ಕಿವಿ ಕೊಟ್ಟರು. ಸದ್ದಿಲ್ಲ. ಕೆಮ್ಮು ಬರುವವರೆಗೆ ನಕ್ಕರು. "ಅದು ಇಂಜಿನ್ನು ಏಳೂದು ಕಾಯ್ತದೆ! ನನ್ನ ಗಿರಾಕಿ ಗಾಡಿ ಎಲ್ಲ ಹತ್ತಿ ಕೂತ್ರೂ ಹೊರಡದಿದ್ದವು. ಎಷ್ಟು ಸಲ ಹತ್ತಿ, ಇಳ್ದು ಬೇಜಾರು ಬಂದದೆ ಪಾಪ. ಗುರಗುರ ಅಂದ ಮೇಲೇ ಹತ್ತೂದು ಅದು." ಆಮೇಲೆ ಚಪ್ಪಲಿ ಕಳಚಿ, ಡಿಕ್ಕಿಯ ಅಂಚು ಹಿಡಿದು, ತಾವೇ ಒಳಗೆ ಹತ್ತಿ ನೆಲದ ಮೇಲೆ ಕಾಲು ಚಾಚಿದರು. "ಬಾ, ನಂಗೂ ಇದು ಗೊತ್ತಿಲ್ಲ. ಇಬ್ರೂ ಕಲಿವ" ಎಂದರು. ಪಿಸ್ಟನ್ ಹಾರಿ ಅವರ ಪಕ್ಕದಲ್ಲಿ ಕೂತಿತು.

ಅಮ್ಮ ಮುಂದಿನ ಸೀಟಿನಿಂದ, "ಅಣ್ಣ, ಸೀಟಿದ್ದೂ ಡಿಕ್ಕಿಲಿ ಕೂತ್ಕಂಡ್ರಲ್ಲ, ಕಂಡವರು ಎಂತ ಅಂದ್ಕಂತ್ರು?" ಎಂದಳು.

"ಟೀಚರು ನಾಕು ನಾಯಿ ಸಾಕ್ಯಾರೆ ಅಂದ್ಕಂತ್ರು, ಬಿಡು."

ಮೊದಲ ಅರ್ಧ ದಾರಿ ಬಲೆಯ ಎರಡು ಬದಿಯಿಂದ ಗುರುಗುಟ್ಟುವಿಕೆ. ಕನ್ನಡಿಯಲ್ಲಿ ನೋಡಿದರೆ ಮಾವ ಒಂದು ಕೈಯನ್ನು ಪಿಸ್ಟನ್ನಿನ ಕತ್ತಿನ ಮೇಲಿಟ್ಟು, ಇನ್ನೊಂದರ ಬೆರಳುಗಳನ್ನು ಬಲೆಯ ಕಣ್ಣುಗಳೊಳಗೆ ತೂರಿಸಿ ಸೋಮನ ಕಿವಿಯ ಹೊಲಿಗೆಯ ಗುರುತನ್ನು ಮೆಲ್ಲಗೆ ತೀಡುತ್ತಿದ್ದರು. ಕತಗಾಲ ದಾಟಿ ಗಾಡಿ ತಿರುಗಿಸಿ ಇಳಿಯುವಾಗ ಗುರುಗುಟ್ಟುವಿಕೆ ನಿಂತಿತ್ತು. ಮತ್ತೆ ಕನ್ನಡಿ ನೋಡಿದೆ. ಎರಡೂ ನಾಯಿಗಳು ಬಲೆಗೆ ಬೆನ್ನು ಒತ್ತಿ, ಬೆನ್ನಿಗೆ ಬೆನ್ನು ಕೊಟ್ಟು ನಿದ್ದೆ ಹೋಗಿದ್ದವು. ಮಾವ ಅಲ್ಲಾಡದೆ ಕೂತಿದ್ದರು. ಎದೆ ಜೋರಾಗಿ ಏರಿಳಿಯುತ್ತಿತ್ತು. ಸದ್ದಿಲ್ಲದ ಕಾರಿನಲ್ಲಿ ಅವರ ಉಸಿರು ನನಗೆ ಮುಂದಿನವರೆಗೂ ಕೇಳುತ್ತಿತ್ತು. ಅವರ ಹಾಗೆ ಕಿವಿ ಕೊಟ್ಟು ಕೇಳುವುದನ್ನು ನಾನು ಕಲಿತದ್ದು ಆ ಇಳಿಜಾರಿನಲ್ಲಿಯೇ ಇರಬೇಕು.

"ಮಾವ, ಪಿಸ್ಟನ್ ನಮ್ಮಲ್ಲೇ ಇರ್ಲಿ" ಎಂದೆ.

"ಆತು" ಎಂದರು. ಒಂದು ತಿರುವು ಕಳೆದ ಮೇಲೆ, "ಹಿಂದಿನ ಎಡಗಾಲಿಗೆ ಗಾಳಿ ಕಮ್ಮಿ ಅದೆ. ಕುಮಟಾದಲ್ಲಿ ನಿಲ್ಸು" ಎಂದರು.

ಅದಾಗಿ ಎರಡು ತಿಂಗಳು ಇದ್ದರು. ಪ್ರತಿ ಆಯ್ತವಾರ ಕುರ್ಚಿ ಹಾಕಿ ಕೂತು, ಜಾಲರಿ ತೆಗೆದು ಕೂದಲು ಕೊಡವುವುದನ್ನು ನನ್ನ ಕೈಯಲ್ಲೇ ಮಾಡಿಸುತ್ತಿದ್ದರು, ತಾವು ಮುಟ್ಟುತ್ತಿರಲಿಲ್ಲ. ಮಳೆ ಹಿಡಿಯುವ ಮೊದಲು, ಮುಟ್ಟಳ್ಳಿಯಲ್ಲಿ ಮಗಳ ಮನೆಯಲ್ಲಿ ತೀರಿಕೊಂಡರು. ಕಡೆಗಾಲದಲ್ಲಿ ಅಲ್ಲಿಗೆ ಹೋಗಿರಲು ಒಪ್ಪಿದ್ದೇ ನಾಯಿಗೊಂದು ನೆಲೆ ಆಯಿತೆಂದು, ಇಲ್ಲದಿದ್ದರೆ ಅಪ್ಪ ಬಾಡ ಬಿಟ್ಟು ಕದಲುತ್ತಿರಲಿಲ್ಲ ಎಂದು ಮಗಳು ಹೇಳಿದಳು. ನನ್ನ ಒಂದು ಮಾತಿಗೆ ಅಷ್ಟು ತೂಕವಿತ್ತೆಂದು ನನಗೆ ಆಗ ತಿಳಿಯಿತು. ಅದನ್ನು ಹೇಳಲು ನಾನು ಅಷ್ಟು ದಿನ ತೆಗೆದುಕೊಂಡದ್ದು ಈಗಲೂ ಚುಚ್ಚುತ್ತದೆ.

ಈಗ ತಿಂಗಳಿಗೊಮ್ಮೆ ಮೂರನ್ನೂ ಕರೆದುಕೊಂಡು ಮುಟ್ಟಳ್ಳಿಗೆ ಹೋಗುತ್ತೇನೆ. ಕಾರನ್ನು ಗೇಟಿನ ಹೊರಗೆ ನಿಲ್ಲಿಸಿ, ಗಾಜು ಏರಿಸಿ, ಎಸಿ ಹಾಕಿಟ್ಟು ನಾನೊಬ್ಬಳೇ ಇಳಿಯುತ್ತೇನೆ. ಮಗು ಜಗಲಿಯ ಮೆಟ್ಟಿಲಿನಿಂದ ಕೆಳಗೆ ಬರುವಂತಿಲ್ಲ. ಅಲ್ಲಿಂದಲೇ ಸೊಂಟಕ್ಕೆ ಕೈಯಿಟ್ಟು, ಅಜ್ಜನ ಗಡಸು ದನಿ ತೆಗೆದು ಕೂಗುತ್ತಾಳೆ: "ಪಿಸ್ಟನಾ, ಕೂಕೋ!"

ಗಾಜಿನ ಒಳಗೆ ಪಿಸ್ಟನ್ ಕೂರುತ್ತದೆ. ನನ್ನವೆರಡೂ ನಿಂತೇ ಇರುತ್ತವೆ.