ಪ್ರಿಯಂವದಾ ಹೇಳಿಸಿದ ಒಂದು ಮಾತು

ಆಂಗ್ ಮೋ ಕಿಯೋ ಬಡಾವಣೆಯ ಪ್ರಿಯಂವದಾ ಯಾವುದರ ಮೇಲೆ ಪಿಎಚ್.ಡಿ. ಮಾಡಿದ್ದಾಳೆ ಎಂದು ಕೇಳಿದರೆ ಸಿಂಗಪುರದ ಕನ್ನಡಿಗರಲ್ಲಿ ಅರ್ಧ ಜನಕ್ಕೆ ನಗು ಬರುತ್ತದೆ. ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದು, ಮಾನಸಗಂಗೋತ್ರಿಯಲ್ಲಿ ಚರಿತ್ರೆ ಓದಿದ ಹೆಣ್ಣುಮಗಳು ಹೊಯ್ಸಳರನ್ನೋ ಒಡೆಯರನ್ನೋ ಹಿಡಿದುಕೊಳ್ಳುವುದು ಬಿಟ್ಟು, ಅಮೆರಿಕದ ನಿರುದ್ಯೋಗಿ ಹುಡುಗರು ಗಿಡ ನೆಟ್ಟ ಕಥೆಗೆ ಗಂಟುಬಿದ್ದಳು. "ಮನೆ ತುಳಸಿಗೆ ನೀರು ಹಾಕೋಕೆ ಪುರುಸೊತ್ತಿಲ್ಲ, ಇವಳಿಗೆ ಅಮೆರಿಕದ ಕಾಡು" ಎಂದು ಬ್ಯಾಂಕಿನಲ್ಲಿರುವ ಗಂಡ ಪದ್ಮನಾಭ ಬಂದವರೆದುರಿಗೆಲ್ಲ ಛೇಡಿಸುತ್ತಿದ್ದ. ಅವಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುತ್ತಾ, ವರ್ಷಕ್ಕೊಂದು ಸಲ ಆ ಹುಡುಗರ ಪಾಠ ಬಂದಾಗ ಮಾತ್ರ ಹಬ್ಬದ ಸೀರೆ ಉಟ್ಟುಕೊಂಡು ಹೋಗುತ್ತಿದ್ದಳು.

ಕಥೆ ಇಷ್ಟೇ. ಸಾವಿರದ ಒಂಬೈನೂರ ಮೂವತ್ತರ ದಶಕ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿ, ಕಾರ್ಖಾನೆಗಳು ಬಾಗಿಲು ಹಾಕಿ, ಮೀಸೆ ಚಿಗುರಿದ ಹುಡುಗರು ಊರೂರು ಅಲೆಯುತ್ತಿದ್ದರು. ಸರ್ಕಾರ ಮದುವೆಯಾಗದ ಅಂಥ ಹುಡುಗರನ್ನು ಕರೆದೊಯ್ದು ಕಾಡಿನ ಶಿಬಿರಗಳಲ್ಲಿ ಇಟ್ಟಿತು. ಹೊಟ್ಟೆ ತುಂಬ ಊಟ, ಕಾಲಿಗೆ ಬೂಟು, ಕೈಗೆ ಗುದ್ದಲಿ. ಸಂಬಳದ ಬಹುಪಾಲು ನೇರ ಹೆತ್ತವರಿಗೆ. ಒಂಬತ್ತು ವರ್ಷದಲ್ಲಿ ಮುನ್ನೂರು ಕೋಟಿಯಷ್ಟು ಗಿಡ ನೆಟ್ಟರಂತೆ. ಆದರೆ ಪ್ರಿಯಂವದಾಳ ಪ್ರಬಂಧದಲ್ಲಿ ಪರೀಕ್ಷಕರು ಮೆಚ್ಚಿದ್ದು ಬೇರೆಯದೇ ಅಧ್ಯಾಯ. ಹುಡುಗರನ್ನು ಆರಿಸುವಾಗ ಮನೆಯ ಬಡತನ ನೋಡುತ್ತಿದ್ದ ವ್ಯವಸ್ಥೆ, ಅವರ ಮೇಲಿನ ಮೇಸ್ತ್ರಿಗಳನ್ನು ಆರಿಸುವಾಗ ಎಷ್ಟೋ ಕಡೆ ರಾಜಕಾರಣಿಗಳ ಚೀಟಿ ನೋಡುತ್ತಿತ್ತು. ವಶೀಲಿ ಒಳ್ಳೆಯ ಕೆಲಸಕ್ಕೂ ಹೇಗೆ ಗೆದ್ದಲು ಹಿಡಿಸುತ್ತದೆ ಎಂದು ಆಕೆ ಎಳೆ ಎಳೆಯಾಗಿ ಬಿಡಿಸಿ ಬರೆದಿದ್ದಳು.

ಇಂಥವಳ ಒಬ್ಬನೇ ಮಗ ಆತ್ರೇಯ ಡಿಗ್ರಿ ಮುಗಿಸಿ ಎರಡು ವರ್ಷವಾದರೂ ಕೆಲಸ ಸಿಗದೆ ಮನೆಯಲ್ಲಿ ಕೂತ. ಕಂಪ್ಯೂಟರ್ ಓದಿದವನು. ಓದು ಶುರುಮಾಡಿದಾಗ ಕೈಬೀಸಿ ಕರೆಯುತ್ತಿದ್ದ ಕಂಪನಿಗಳು, ಓದು ಮುಗಿಯುವ ಹೊತ್ತಿಗೆ ಇದ್ದವರನ್ನೇ ಮನೆಗೆ ಕಳಿಸುತ್ತಿದ್ದವು. ಮೊದಮೊದಲು ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಇಂಟರ್‌ವ್ಯೂಗಳಿಗೆ ಹೋದ. ಆಮೇಲೆ ಮೊಬೈಲಿನಲ್ಲೇ ಅರ್ಜಿ ಹಾಕಿದ. ಆಮೇಲೆ ಅದನ್ನೂ ಬಿಟ್ಟು, ಮಧ್ಯಾಹ್ನ ಏಳತೊಡಗಿದ. ಕನ್ನಡದವರು ಸೇರಿದಲ್ಲಿ ಯಾರಾದರೂ ಕೇಳಿದರೆ ಪದ್ಮನಾಭ "ಕನ್ಸಲ್ಟಿಂಗ್ ಮಾಡ್ತಿದಾನೆ" ಎನ್ನುತ್ತಿದ್ದ. ಮಗನ ದನಿ ಕೇಳಿ ಎಷ್ಟು ದಿನವಾಯಿತು ಎಂದು ಪ್ರಿಯಂವದಾ ಒಬ್ಬಳೇ ಎಂಆರ್‌ಟಿ ರೈಲಿನಲ್ಲಿ ಕೂತು ಅಳುತ್ತಿದ್ದಳು.

ಆಗಲೇ ಉಬಿಯಲ್ಲಿ ಕಚೇರಿಯಿದ್ದ ಒಂದು ಟ್ರಸ್ಟಿನ ವಿಷಯ ಗೊತ್ತಾಗಿದ್ದು. ಕೆಲಸವಿಲ್ಲದ ಪದವೀಧರರನ್ನು ಒಂದು ವರ್ಷದ ಮಟ್ಟಿಗೆ ಟ್ರೇನಿಗಳಾಗಿ ತೆಗೆದುಕೊಂಡು, ಉತ್ತರದ ಕಡಲಂಚಿನಲ್ಲಿ ಸತ್ತುಹೋದ ಮ್ಯಾಂಗ್ರೋವ್ ಕಾಡನ್ನು ಮತ್ತೆ ಬೆಳೆಸುವ ಯೋಜನೆ ಅದು. ಪ್ರಿಯಂವದಾಗೆ ತನ್ನ ಪ್ರಬಂಧವೇ ಎದ್ದು ಮನೆ ಬಾಗಿಲಿಗೆ ಬಂದಂತಾಯಿತು. ಮಗನನ್ನು ಕಾಡಿಬೇಡಿ ಅರ್ಜಿ ಹಾಕಿಸಿದಳು. "ಇಷ್ಟೆಲ್ಲ ಓದ್ಸಿದ್ದು ಕೆಸರು ತುಳಿಯೋಕಾ?" ಎಂದು ಪದ್ಮನಾಭ ಗೊಣಗಿದ. ಆತ್ರೇಯ ಹೋದ. ವಾರ ಕಳೆಯುವುದರಲ್ಲಿ ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಬಂದು, ಅನ್ನಕ್ಕೆ ಎರಡನೇ ಸಲ ಸಾರು ಕೇಳಿದ. ಆವತ್ತು ಅವಳು ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಒಂದು ಶನಿವಾರ ನೀರು ಇಳಿದ ಹೊತ್ತಿಗೆ ಅವನ ಕೆಲಸ ನೋಡಲು ಹೋದಳು. ಮಂಡಿಯೂರಿ ಎಳೆ ಗಿಡಗಳನ್ನು ಕೆಸರಿಗೆ ಊರುತ್ತಿದ್ದವನು, ಹಿಂದೆ ನೆಟ್ಟಿದ್ದ ಒಂದನ್ನು ಕಿತ್ತು ತೋರಿಸಿದ. ಅದರ ಕಾಂಡದ ತುಂಬ ಬಿಳಿ ಚಿಪ್ಪು ಕಚ್ಚಿಕೊಂಡಿತ್ತು.

"ಇದು ಬಾರ್ನಕಲ್ ಅಮ್ಮ. ಸ್ಟಿಕ್ ಆಗಿ ಆಗಿ, ವೆಯ್ಟ್‌ಗೆ ಗಿಡಾನೇ ಬಗ್ಗಿಸಿಬಿಡತ್ತೆ. ಮುಕ್ಕಾಲು ಪಾಲು ಸಾಯ್ತವೆ ಲಾ," ಎಂದ, ಸಿಂಗಪುರದವರ ಧಾಟಿಯಲ್ಲಿ.

"ಮತ್ತೆ ಯಾಕೋ ಇಷ್ಟೊಂದು ನೆಡ್ತೀಯ?"

"ಕೆಲವು ಉಳ್ಯತ್ತಲ್ಲ. ಯಾವ್ದು ಸರ್ವೈವ್ ಆಗತ್ತೆ ಅಂತ ಈಗ ನೋಡಿದ್ರೇ ಗೊತ್ತಾಗತ್ತೆ ನಂಗೆ."

ಹುಡುಗು ಮಾತು ಎಂದುಕೊಂಡು ಅವಳು ನಕ್ಕಳು. ಅವನು ಕೈ ಒರೆಸಿಕೊಳ್ಳುತ್ತಾ, "ನಿನ್ ಅಮೆರಿಕದ ಹುಡುಗ್ರು ಆಮೇಲೆ ಏನಾದ್ರು?" ಎಂದ.

ಮಗನಿಗೆ ಸುಳ್ಳು ಹೇಳುವುದಕ್ಕೆ ಅವಳ ಚರಿತ್ರೆ ಬಿಡಲಿಲ್ಲ. "ಯುದ್ಧ ಬಂತು ಕಣೋ. ಕ್ಯಾಂಪ್ ಎಲ್ಲ ಕ್ಲೋಸ್ ಮಾಡಿದ್ರು. ತುಂಬಾ ಜನ ಮಿಲಿಟರಿಗೆ ಹೋದ್ರು, ಉಳ್ದೋರು ಫ್ಯಾಕ್ಟರಿಗೆ."

"ಅಂದ್ರೆ ಗಿಡ ನೆಟ್ಟಿದ್ದಕ್ಕೆ ಜಾಬ್ ಸಿಗ್ಲಿಲ್ಲ. ವಾರ್ ಬಂದಿದ್ದಕ್ಕೆ ಸಿಕ್ತು."

"ಹೂಂ, ಹಾಗೇ."

"ನಮ್ಗೆ ಏನ್ ಬರತ್ತೋ," ಎಂದು ಅವನು ನಕ್ಕು ಮತ್ತೆ ಮಂಡಿಯೂರಿದ. ಅವಳಿಗೆ ಆ ನಗು ಹಿಡಿಸಲಿಲ್ಲ.

ವರ್ಷ ಮುಗಿಯುತ್ತಾ ಬಂತು. ಟ್ರೇನಿಗಳಲ್ಲಿ ಇಬ್ಬರನ್ನು ಮಾತ್ರ ಖಾಯಂ ಮಾಡಿಕೊಳ್ಳುತ್ತಾರೆ ಎಂದು ಗೊತ್ತಾಯಿತು. "ಅವನಿಗೆ ಸಿಗಲ್ಲ ಬಿಡು. ಅದೇ ಸಬ್ಜೆಕ್ಟ್ ಓದ್ದೋರೇ ಕ್ಯೂನಲ್ಲಿದಾರೆ" ಎಂದ ಪದ್ಮನಾಭ. ಪ್ರಿಯಂವದಾಗೂ ಒಳಗೊಳಗೆ ಅದೇ ಹೆದರಿಕೆ. ಇದೊಂದು ತಪ್ಪಿದರೆ ಹುಡುಗ ಮತ್ತೆ ಹಾಸಿಗೆ ಹಿಡಿದು ಮಲಗುತ್ತಾನೆ, ಎರಡನೇ ಸಲ ಎಬ್ಬಿಸುವುದು ತನ್ನಿಂದಾಗದು ಎಂದು ಅವಳಿಗೆ ಖಾತ್ರಿಯಾಗಿತ್ತು.

ಆಗ ನೆನಪಾದವರು ಮನೆಗೆ ಬಂದುಹೋಗುತ್ತಿದ್ದ ಕನ್ನಡಿಗ ಸೇತುರಾಮ. ಜುರಾಂಗ್ ಐಲ್ಯಾಂಡಿನ ಒಂದು ಕೆಮಿಕಲ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ಆ ಟ್ರಸ್ಟಿಗೆ ಹಣ ಕೊಡುತ್ತಿದ್ದುದು ಅವರ ಕಂಪನಿಯೇ. ಭಾನುವಾರ ಊಟಕ್ಕೆ ಕರೆದು, ವಾಂಗೀಬಾತ್ ಬಡಿಸಿ, ಆತ್ರೇಯ ಹೊರಗೆ ಹೋದಾಗ ಮೆಲ್ಲಗೆ ವಿಷಯ ತೆಗೆದಳು.

"ಸೇತುರಾಮ್, ಇನ್‌ಫ್ಲುಯೆನ್ಸ್ ಅಂತಲ್ಲ. ಹುಡ್ಗ ಗೊತ್ತು, ಒಳ್ಳೆಯವನು ಅಂತ ಸುಮ್ನೆ ಒಂದ್ ಮಾತು ಹೇಳಿ. ಅಷ್ಟೆ."

"ಅಯ್ಯೋ, ಅದಕ್ಕೇನಂತೆ? ನಾಳೇನೇ ಕಾಲ್ ಮಾಡ್ತೀನಿ. ನಮ್ ಹುಡ್ಗ ಅಲ್ವೇ!"

ವಶೀಲಿಯ ಮೇಲೆ ಅಷ್ಟು ಬರೆದವಳಿಗೆ ಇದೇ ವಶೀಲಿ ಎಂದು ಹೊಳೆಯಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮವರಿಗೆ ಹೊಳೆಯುವುದಿಲ್ಲ ಸ್ವಾಮಿ. ವಶೀಲಿ ಎಂದರೆ ಯಾವಾಗಲೂ ಬೇರೆಯವರು ಮಾಡಿಸುವುದು. ನಾವು ಮಾಡಿಸುವುದು ಬರೀ ಒಂದು ಮಾತು. ಗ್ಯಾಸ್ ಸಿಲಿಂಡರಿನಿಂದ ಕಾಲೇಜು ಸೀಟಿನವರೆಗೆ ಯಾರಾದರೊಬ್ಬರು ಒಂದು ಮಾತು ಹೇಳಿದ ಮೇಲೆಯೇ ಅಲ್ಲವೇ ನಮ್ಮ ಕೆಲಸಗಳೆಲ್ಲ ಆಗಿದ್ದು? ಹೇಳಿಸದೆ ಸುಮ್ಮನಿದ್ದಿದ್ದರೆ ತಾನೆಂಥ ತಾಯಿ ಎಂದು ಅವಳೇ ತನ್ನನ್ನು ಬೈದುಕೊಳ್ಳುತ್ತಿದ್ದಳು.

ಮುಂದಿನ ಶುಕ್ರವಾರ ಆತ್ರೇಯ ಬೇಗ ಮನೆಗೆ ಬಂದ. "ಆಗ್ಲಿಲ್ಲ" ಎಂದಷ್ಟೇ ಹೇಳಿ ಹೋಗಿ ಮಲಗಿದ.

ಮಾರನೆಯ ದಿನ ಅವಳು ತರಕಾರಿ ಹಿಡಿದು ಕಟ್ಟಡದ ಕೆಳಗಿನ ವಾಯ್ಡ್ ಡೆಕ್‌ನಲ್ಲಿ ಲಿಫ್ಟಿಗೆ ಕಾಯುತ್ತಿದ್ದಾಗ ಸೇತುರಾಮರ ಫೋನು ಬಂತು. "ಮೇಡಂ, ಒಂದು ಎಡವಟ್ಟಾಗಿದೆ. ಫಂಡ್ ಕೊಡೋ ಕಂಪನಿಯವರು ಯಾರನ್ನಾದ್ರೂ ರೆಕಮೆಂಡ್ ಮಾಡಿದ್ರೆ ಅವರನ್ನ ತಗೊಳ್ಳೋ ಹಾಗಿಲ್ವಂತೆ. ಸ್ಟ್ರಿಕ್ಟ್ ರೂಲ್ ಅಂತೆ. ನಂಗೆ ದೇವರಾಣೆ ಗೊತ್ತಿರ್ಲಿಲ್ಲ." ಸ್ವಲ್ಪ ತಡೆದು ಮತ್ತೆ ಹೇಳಿದರು: "ನಾನು ಕಾಲ್ ಮಾಡೋಷ್ಟರಲ್ಲಿ ಸೆಲೆಕ್ಷನ್ ಮುಗಿದಿತ್ತಂತೆ. ಆತ್ರೇಯಂದೇ ಮೊದಲ್ನೇ ಹೆಸರಂತೆ."

ಬಂದ ಲಿಫ್ಟನ್ನು ಅವಳು ಹಾಗೇ ಹೋಗಬಿಟ್ಟಳು. ಸೋಮವಾರ ಉಬಿಗೆ ಹೋಗಿ, ತಪ್ಪು ನನ್ನದು, ಹುಡುಗನಿಗೆ ಗೊತ್ತೇ ಇಲ್ಲ ಎಂದು ಕೈಮುಗಿದು ಹೇಳಿದಳು. ಅಲ್ಲಿಯ ಅಧಿಕಾರಿಣಿ ಮರ್ಯಾದೆಯಿಂದಲೇ ನೀರು ಕೊಟ್ಟು ಕೂರಿಸಿ, ಬೇರೊಬ್ಬರಿಗೆ ಆಗಲೇ ಆರ್ಡರ್ ಹೋಗಿದೆ, ಮುಂದಿನ ವರ್ಷ ಟ್ರೇನಿಗಳನ್ನು ತೆಗೆದುಕೊಳ್ಳುವುದೂ ಇಲ್ಲ ಎಂದರು. ಬೇಡಿಕೊಳ್ಳಲು ಇನ್ನೇನೂ ಉಳಿದಿರಲಿಲ್ಲ.

ಮಗನಿಗೆ ಹೇಳಬಾರದು ಎಂದೇ ನಿಶ್ಚಯಿಸಿದ್ದಳು. ಆದರೆ ಬುಧವಾರ ಊಟಕ್ಕೆ ಕೂತವನು, ಅನ್ನ ಕಲಸುತ್ತಾ ತಲೆಯೆತ್ತದೆ, "ಗಿಡ ನೆಡೋಕೂ ನಾನು ಲಾಯಕ್ಕಿಲ್ಲ ಅಂತ ಆಯ್ತಲ್ಲಮ್ಮ" ಎಂದ. ಅವಳಿಗೆ ತನ್ನ ಮೇಲೆ ಸಿಟ್ಟಾದರೂ ಆಗಲಿ, ಹುಡುಗ ತನ್ನನ್ನು ತಾನು ಹಾಗಂದುಕೊಂಡು ಬದುಕಬಾರದು ಎನ್ನಿಸಿತು. ಸೇತುರಾಮರನ್ನು ಕರೆದದ್ದು, ಹೇಳಿಸಿದ್ದು, ಆದದ್ದು ಎಲ್ಲವನ್ನೂ ಹೇಳಿಬಿಟ್ಟಳು.

ಆತ್ರೇಯನ ಮುಖ ಒಮ್ಮೆಗೇ ಅರಳಿತು. "ನಂದು ಫಸ್ಟ್ ನೇಮ್ ಇತ್ತಾ?"

"ಹೂಂ ಕಂದ."

"ನಿಜವಾಗ್ಲೂ? ಫಸ್ಟ್?"

"ನಿಜವಾಗ್ಲೂ."

ಅವನು ನಗುತ್ತಲೇ ಇದ್ದ. ಆಮೇಲೆ ಏನೋ ಹೊಳೆದವನಂತೆ ನಗು ನಿಲ್ಲಿಸಿದ. ಕೂಗಾಡಿದ್ದರೆ, ತಟ್ಟೆ ಎಸೆದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ಮೆತ್ತಗೆ ಕೇಳಿದ.

"ನಂಗೆ ಸಿಗಲ್ಲ ಅಂತಾನೇ ಅಲ್ವಾ ನೀನು ಅವರಿಗೆ ಹೇಳಿದ್ದು?"

ಇಲ್ಲ ಎನ್ನಲು ಹೋದವಳು ಸಾರಿನ ಸೌಟು ಎತ್ತಿಕೊಂಡಳು. ಕೊನೆಗೆ ಅವಳ ಕೈ ತಟ್ಟಿ ಸಮಾಧಾನ ಹೇಳಿದವನೂ ಅವನೇ.

"ಇಟ್ಸ್ ಓಕೆ ಅಮ್ಮ," ಎಂದ. "ನಂಗೂ ಹಾಗೇ ಅನ್ನಿಸಿತ್ತು."